ರೂವಿಯಲ್ಲಿ ಆಮೆನ್

ಒಂದೇ ಪದ, ಎಪ್ಪತ್ತೆರಡು ಆವರ್ತ.
ಬರೆದವ ಸತ್ತು ಮುನ್ನೂರು ವರುಷವಾದರೂ ಆಗಿರಬೇಕು,
ಹೆಸರಿದ್ದ ಜಾಗ ಜೆರಾಕ್ಸಿನಲ್ಲಿ ಕಪ್ಪಾಗಿದೆ.
ಆಮೆನ್ ಅನ್ನಲು ಇಷ್ಟು ಹೊತ್ತು ಬೇಕೇ ಎಂದು
ಮೊದಲ ದಿನ ನಕ್ಕವನು ಹಿಲರಿ ತಾವ್ರೊ,
ನಮ್ಮ ಒಬ್ಬನೇ ಒಬ್ಬ ಟೆನರ್,
ಗಾಲಾದ ಗೋದಾಮಿನಲ್ಲಿ ಟೈಲ್ಸಿನ ಲೆಕ್ಕ ಬರೆಯುವವನು.

ಅಭ್ಯಾಸಕ್ಕೆ ಸಿಗುವುದು ಐವತ್ತು ನಿಮಿಷ,
ಮಲಯಾಳದ ಪೂಜೆ ಮುಗಿದು ತಮಿಳಿನದು ಶುರುವಾಗುವ ನಡುವೆ,
ಪಾರ್ಕಿಂಗಿನ ಹಿಂದಿನ ತಗಡಿನ ಕೋಣೆಯಲ್ಲಿ.
ಹೊರಗೆ ಹುಲ್ಲುಕಡ್ಡಿಯಿಲ್ಲದ ಗುಡ್ಡ, ಬಾಣಲೆಯ ತಳದ ಬಣ್ಣ.
ಒಳಗೆ ಎ.ಸಿ. ಗುನುಗುತ್ತದೆ
ನಮ್ಮ ಶ್ರುತಿಗಿಂತ ಕೂದಲೆಳೆ ಕೆಳಗೆ.
ನನಗಷ್ಟೇ ಗೊತ್ತು; ಅದರ ಕಂಪ್ರೆಸರ್ ಕೂರಿಸಿದವನು ನಾನೇ.
ವಾರವಿಡೀ ಚಿಲ್ಲರ್, ಶುಕ್ರವಾರ ಬಾಸ್.
ಬಾಸ್ ಅಂದರೆ ಯಜಮಾನನಲ್ಲ, ತಳದ ದನಿ.

ಆರ್ಗನ್ ಅನ್ನುವುದು ಗೌರವಕ್ಕೆ.
ಕೊಳವೆಯಿಲ್ಲ, ತಿದಿಯಿಲ್ಲ, ಹಳೆಯ ಕೀಬೋರ್ಡು;
ಹದಿನೇಳು ಒತ್ತಿದರೆ ತಗಡಿಗೂ ಕಮಾನು ಏಳುತ್ತದೆ.
ನುಡಿಸುವವಳು ಫ್ಲೋರಿನ್, ಆಸ್ಪತ್ರೆಯ ಲ್ಯಾಬಿನವಳು.
ಅವಳ ಹಾಳೆಯಲ್ಲಿ ಎಲ್ಲವನ್ನೂ ಬರೆದಿಲ್ಲ:
ತಳದ ಒಂದು ಸಾಲು, ಅದರಡಿ ಅಂಕಿಗಳು,
ಆರು, ಏಳು, ನಾಲ್ಕು-ಮೂರು.
ಉಳಿದದ್ದು ಬೆರಳಿಗೆ ಹೊಳೆಯಬೇಕು.
‘ರಕ್ತದ ರಿಪೋರ್ಟಿನ ಹಾಗೇ’ ಅನ್ನುತ್ತಾಳೆ,
‘ಅಂಕಿ ನೋಡಿ ಮನುಷ್ಯನನ್ನು ಊಹಿಸೋದು.’

ನಾಲ್ಕು-ಮೂರು ಅಂದರೆ,
ಎಲ್ಲರೂ ಮುಂದಿನ ಮನೆಗೆ ಸರಿದಾಗ
ಒಂದು ಸ್ವರ ಮಾತ್ರ ಹಳೆಯ ಮನೆಯಲ್ಲೇ ಕೂತಿರುತ್ತದೆ
ಬಾಡಿಗೆಯ ಗಡುವು ಮುಗಿದರೂ.
ನೋಯುತ್ತದೆ.
ಆಮೇಲೆ ಒಂದು ಮೆಟ್ಟಿಲು ಇಳಿಯುತ್ತದೆ.
ಆ ಇಳಿತಕ್ಕೆ ಹಿಲರಿ ಕಣ್ಣು ಮುಚ್ಚುತ್ತಿದ್ದ.

ಮಂಗಳವಾರ ಕಂಪನಿಯಿಂದ ಕಾಗದ.
ಲೆಕ್ಕ ಬರೆಯಲು ಈ ಊರಿನವನೇ ಸಿಕ್ಕಿದನಂತೆ;
ಒಳ್ಳೆಯ ಹುಡುಗ, ಕೆಲಸ ಕಲಿಸಿಕೊಟ್ಟೆ ಅಂದ.
ಗುರುವಾರ ರಾತ್ರಿ ಹನ್ನೊಂದೂವರೆಯ ವಿಮಾನ.
ಹಾಳೆಗಳಿಗೆ ರಬ್ಬರು ಬ್ಯಾಂಡು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು
ನನ್ನ ಬಾಗಿಲ ಹಿಡಿಗೆ ನೇತುಹಾಕಿ ಹೋಗಿದ್ದ.
ತಟ್ಟಿ ಎಬ್ಬಿಸಿರಲಿಲ್ಲ.

ಶುಕ್ರವಾರ, ಇಗರ್ಜಿಯಲ್ಲಿ, ತುಂಬಿದ ಬೆಂಚುಗಳೆದುರು
ಸೊಪ್ರಾನೊ ಹೊರಟಿತು, ಮರಿವಿಕ್ ಮುಂದೆ;
ಅದೇ ಮಾತು ಹೊತ್ತು ಬೆನ್ನ ಹಿಂದೆ ಆಲ್ಟೊ.
ಮೂರನೆಯ ಬಾಗಿಲು ತೆರೆಯಬೇಕಾದಲ್ಲಿ
ಯಾರೂ ಇರಲಿಲ್ಲ.
ಇಷ್ಟು ದಿನ ಹಿಲರಿಯ ದನಿಯಡಿ ಅಡಗಿ
ಅವನ ಹೆಜ್ಜೆಗೆ ಹೆಜ್ಜೆಯಿಟ್ಟು ಬರುತ್ತಿದ್ದ ಫ್ಲೋರಿನಳ ಎಡಗೈ
ಒಮ್ಮೆಲೇ ಬಯಲಿಗೆ ಬಿತ್ತು.
ಬಾಯಿಲ್ಲದ ಆಮೆನ್.
ಆರು ಆವರ್ತ, ಎಲ್ಲೂ ಉಸಿರೆಳೆಯದೆ.
ಯಂತ್ರಕ್ಕೆ ಉಸಿರು ಬೇಡ, ಅದೇ ಸಂಕಟ.

ಆಮೇಲೆ ನಾನು.

ಮುಗಿದಾಗ ತಮಿಳಿನವರು ಬಾಗಿಲಲ್ಲಿ ನಿಂತಿದ್ದರು,
ಯಾರದೋ ಕಾರು ಯಾರಿಗೋ ಅಡ್ಡ.
ಕಾಗದದ ಲೋಟದಲ್ಲಿ ಕರಕ್ ಚಾ ಹಿಡಿದು
ಫ್ಲೋರಿನ್ ಎಡಗೈ ಬೆರಳು ಮಡಚಿ ಬಿಚ್ಚಿ ನೋಡುತ್ತಿದ್ದಳು.

ಮೊಬೈಲಿನಲ್ಲಿ ಹಿಡಿದದ್ದನ್ನು ಕಿನ್ನಿಗೋಳಿಗೆ ಕಳಿಸಿದೆ.
ಸಂಜೆ ಉತ್ತರ ಬಂತು:
‘ಬಾಸ್ ಅರ್ಧ ಮಾತ್ರೆ ಮುಂಚೆ ಬಂತಲ್ಲ ಮಾರಾಯಾ.’

ಹೌದು.
ಎಣಿಸುತ್ತಲೇ ನಿಂತಿದ್ದೆ.
ಅಷ್ಟು ಹೊತ್ತು ಆಗಲಿಲ್ಲ.