ಮೀಟರ್ ಓದುತ್ತಿದ್ದವನು

ಮೂವತ್ತೊಂದು ವರ್ಷ ಓದಿದ್ದೇನೆ,
ಪುಸ್ತಕವಲ್ಲ.
ಸಂಡರ್ಲೆಂಡಿನ ಮನೆಗಳ ಮೆಟ್ಟಿಲಡಿಯ ಗೂಡುಗಳಲ್ಲಿ
ಮಂಡಿಯೂರಿ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ
ಮನೆಗೆ ಐದೈದು ಅಂಕಿ.

ಪೊರಕೆ ಸರಿಸಬೇಕು, ಬೂಟು ಸರಿಸಬೇಕು,
ಒಮ್ಮೆ ಬೆಕ್ಕನ್ನೂ ಅದರ ನಾಲ್ಕು ಮರಿಗಳನ್ನೂ.
ಗೂಡಿನ ವಾಸನೆಗೇ ಗೊತ್ತಾಗುತ್ತಿತ್ತು
ಇವರು ಹೀಟರು ಹಚ್ಚುತ್ತಾರೋ
ಕೋಟು ತೊಟ್ಟೇ ಊಟಕ್ಕೆ ಕೂರುತ್ತಾರೋ.
ನಾಯಿ ಕಚ್ಚಿದ್ದು ಮೂರು ಸಲ.
ಚಹಾ ಕೊಟ್ಟವರ ಲೆಕ್ಕ ಇಟ್ಟಿಲ್ಲ.

ಬಾಗಿಲು ತೆರೆಯದಿದ್ದರೆ ಕಚೇರಿಯವರು ಅಂದಾಜು ಹಾಕುತ್ತಿದ್ದರು.
ಕತ್ತಲಲ್ಲಿ ಎಸೆದ ಕಲ್ಲು ಅದು,
ಬೀಳುತ್ತಿದ್ದುದು ಮಾತ್ರ ಇಲ್ಲದವರ ಗಾಜಿನ ಮೇಲೆ.
ಫಾಸೆಟ್ ಬೇಸಿಗೆಯಿಡೀ ಆಸ್ಪತ್ರೆಯಲ್ಲಿದ್ದ,
ಮನೆಯಲ್ಲಿ ದೀಪ ಹಚ್ಚಲು ನೊಣವೂ ಇರಲಿಲ್ಲ,
ಬಿಲ್ ಬಂತು: ನೂರಾ ತೊಂಬತ್ತು ಪೌಂಡು.
ಕಾಗದ ಹಿಡಿದು ನನ್ನನ್ನೇ ಬೈದ.
ಬೈಸಿಕೊಂಡೆ. ಕಂಪನಿಯ ಹೆಸರಿದ್ದದ್ದು ನನ್ನ ಎದೆಯ ಮೇಲೆ ತಾನೇ.

ಆದ್ದರಿಂದ ಹೊಸ ಮೀಟರನ್ನು ನಾನು ಜರೆಯಲಾರೆ.
ಅದು ಊಹಿಸುವುದಿಲ್ಲ.
ಅರ್ಧ ಗಂಟೆಗೊಮ್ಮೆ ತಾನೇ ಲೆಕ್ಕ ಒಪ್ಪಿಸುತ್ತದೆ,
ನಾಯಿಗೆ ಹೆದರದು, ಚಹಾಕ್ಕೆ ಕಾಯದು.
ನನ್ನ ಕೆಲಸ ತಿಂದಿತು, ನಿಜ.
ಮಂಡಿ ಉಳಿಸಿತು, ಅದೂ ನಿಜ.

ಎದುರುಮನೆಯ ಇಫೆಯಿಂವಾ ನರ್ಸು.
ಕಡಲಲ್ಲಿ ಗಾಳಿಯೆದ್ದ ರಾತ್ರಿ ಕರೆಂಟು ಅಗ್ಗವಂತೆ;
ಎರಡು ಗಂಟೆಗೆ ಎದ್ದು ಮೂರು ಮಕ್ಕಳ ಬಟ್ಟೆ
ಮೆಷಿನ್ನಿಗೆ ಹಾಕುತ್ತಾಳೆ.
“ತಿಂಗಳಿಗೆ ಹದಿನಾಲ್ಕು ಪೌಂಡು ಉಳಿಯಿತು, ಆಲ್ವಿನ್.
ನಿದ್ದೆಯನ್ನು ಅದರಲ್ಲಿ ಕಳೆದಿಲ್ಲ, ಅಷ್ಟೆ.”
ಆಟಕ್ಕುಂಟು ಲೆಕ್ಕಕ್ಕಿಲ್ಲ
ಆ ನಿದ್ದೆ.

ನಮ್ಮ ಅಡುಗೆಕಟ್ಟೆಯ ಮೇಲೂ ಒಂದು ಪುಟ್ಟ ಪರದೆ,
ಹಸಿರು, ಹಳದಿ, ಕೆಂಪು.
ಕೆಟಲಿಗೆ ಕೆಂಪು, ಹೀಟರಿಗೆ ಕಡುಗೆಂಪು.
ನಾನೂ ಮೇವಿಸಳೂ ಒಂದು ಚಳಿಗಾಲವಿಡೀ
ಹಸಿರಿನಲ್ಲಿ ಕೂತೆವು, ಕೈ ಕಂಕುಳಲ್ಲಿ.
ಕೊನೆಗೊಂದು ಸಂಜೆ ಅವಳೆದ್ದು
ಚಹಾಪಾತ್ರೆಯ ಉಣ್ಣೆಯ ಟೋಪಿ ತಂದು
ಅದರ ತಲೆಗೆ ಹಾಕಿದಳು:
“ಗೊತ್ತಾಗಿದ್ದಕ್ಕೆ ಚಳಿ ಬಿಟ್ಟಿತೇನು?”

ಒಂದು ಮಾತು, ಯಾರಿಗೂ ಹೇಳದ್ದು.
ಹಿಂದೊಮ್ಮೆ ಫೆಬ್ರವರಿಯಲ್ಲಿ ವಿನಿಫ್ರೆಡ್ ಪ್ಯಾಟಿಸನ್ ಮನೆಯ ಅಂಕಿ
ಮೂರು ತಿಂಗಳಲ್ಲಿ ನಾಲ್ಕೇ ನಾಲ್ಕು ಸರಿದಿತ್ತು.
“ಮೀಟರು ಕೆಟ್ಟಿರಬೇಕು” ಅಂದೆ.
“ಮೀಟರೇನೂ ಕೆಟ್ಟಿಲ್ಲಪ್ಪ” ಅಂದಳು, ಕೈಗವಸು ಬಿಚ್ಚದೆ.
ಬರೆದುಕೊಂಡೆ. ಪಕ್ಕದ ಬಾಗಿಲು ತಟ್ಟಿದೆ.
ನನ್ನ ಬೈದಿದ್ದ ಅದೇ ಫಾಸೆಟ್
ಕೇಳಿ ಏನೂ ಅನ್ನಲಿಲ್ಲ. ಅಂದೇ ಸಂಜೆ
ಹಿತ್ತಿಲ ಗೋಡೆ ಹಾರಿ ಒಂದು ಕಿತ್ತಳೆ ಬಣ್ಣದ ಕೇಬಲ್ಲು
ಅವಳ ಅಡುಗೆಮನೆಯ ಕಿಟಕಿ ಹೊಕ್ಕಿತು.
ನಿಯಮ ಮೀರಿದ ಕೆಲಸ. ಮುಂದಿನ ಸಲ ಹೋದಾಗ
ಅಂಕಿ ಓದಿದೆ. ಕೇಬಲ್ಲು ಓದಲಿಲ್ಲ.

ಈಗ ಪಕ್ಕದ ಮನೆಯ ಟ್ಯಾಮ್ಸಿನ್, ಕಂಕುಳಲ್ಲಿ ಕೂಸು.
ಬಾಕಿ ಏರಿತಂತೆ; ಎಲ್ಲೋ ಕೂತ ಯಾರೋ
ಒಂದು ಗುಂಡಿ ಒತ್ತಿ ಅವಳ ಮೀಟರನ್ನು
ಮೊದಲು ದುಡ್ಡು ಆಮೇಲೆ ದೀಪ ಎನ್ನುವಂತೆ ಮಾಡಿದರಂತೆ.
ಯಾರೂ ಬಾಗಿಲು ತಟ್ಟಲಿಲ್ಲ,
ಬೈಸಿಕೊಳ್ಳಲು ಕೂಡ ಯಾರೂ ಬರಲಿಲ್ಲ.
ನಿನ್ನೆಯಿಂದ ಮೀಟರು ತಪ್ಪದೆ ಒಪ್ಪಿಸುತ್ತಿದೆ
ಅರ್ಧ ಗಂಟೆಗೊಂದು ಸೊನ್ನೆ,
ದಿನಕ್ಕೆ ನಲವತ್ತೆಂಟು ಸೊನ್ನೆ,
ಒಂದೂ ಅಂದಾಜಲ್ಲ.

ನಮಗೆ ತಿಳಿದದ್ದು ಹೀಗೆ:
ಗೋಡೆಯಾಚೆ ಅವಳ ಫ್ರಿಜ್ಜಿನ ಗುಂಯ್ ನಿಂತದ್ದು
ಮೇವಿಸಳ ನಿದ್ದೆ ಕೆಡಿಸಿತು.

ಲಾಭವೋ ಎಂದು ಕೇಳಿದರೆ ಇಫೆಯಿಂವಾಳನ್ನು ಕೇಳಿ,
ಬದುಕಿದ್ದರೆ ಫಾಸೆಟ್ಟನೂ ಹೌದೆನ್ನುತ್ತಿದ್ದ.
ನನಗೆ ಪುರುಸೊತ್ತಿಲ್ಲ. ಷೆಡ್ಡಿನಲ್ಲಿ
ಹದಿನೈದು ಮೀಟರಿನ ಕೇಬಲ್ಲು ಇರಬೇಕು,
ಇಲಿ ಕಡಿಯದಿದ್ದರೆ.

ಇತ್ತು.
ಗೋಡೆಯಾಚೆ ಈಗ ಫ್ರಿಜ್ಜು ಗುಂಯ್ ಅನ್ನುತ್ತಿದೆ, ಹಾಲಿಗೆ.
ನಮ್ಮ ಪರದೆ ಕೆಂಪಾಗಿರಬೇಕು.
ಕಾಣುವುದಿಲ್ಲ,
ಟೋಪಿ ಹಾಕಿದ್ದೇವೆ.