ನಾ

ಪಣಂಬೂರು ಬಂದರಿನ ಗೇಟಿನೆದುರು
ಹಡಗಿನವರ ಬಟ್ಟೆ ಹೊಲಿಯುವ ಅಂಗಡಿಯಲ್ಲಿ
ಕಿಟಕಿ ಪಕ್ಕದ ಮಷಿನ್ನು ನನ್ನದು.
ಜಿಪ್ಪು ಕಿತ್ತದ್ದು, ಮೊಣಕಾಲು ಹರಿದದ್ದು,
ಎದೆಯ ಮೇಲೆ ಹೆಸರು ಹೊಲಿಯಬೇಕಾದ್ದು
ಎಲ್ಲ ನನ್ನ ಕಡೆ ತಳ್ಳುತ್ತಾರೆ
ದೂಮಪ್ಪ ಬಂಗೇರರು.

ವಾಸ ಕೂಳೂರಿನಲ್ಲಿ,
ಸೆವ್ರಿನ್ ಬಾಯಿಯ ಹಿಂಬದಿ ಕೋಣೆ.
ನರಗುಂದದ ಬಸ್ಸಿಳಿದು ಬಂದ ಮೊದಲ ರಾತ್ರಿ
ಬಲ್ಬು ಸುಟ್ಟು, ತಡವರಿಸಿ, ಅವಳ ಬಾಗಿಲು ಬಡಿದೆ.
"ಕೋಣ್?"
"ನಾ" ಅಂದೆ.
ನಮ್ಮ ಕಡೆ ಅಷ್ಟು ಸಾಕು.
ಕತ್ತಲಲ್ಲಿ ಕದದ ಹೊರಗೆ ನಿಂತು ನಾ ಅಂದರೆ
ದನಿ ಹಿಡಿದು ಆಳನ್ನು ಅಳೆದು
ಅಗಳಿ ತೆಗೆಯುತ್ತಾರೆ.
ಇಲ್ಲಿ ಒಳಗೆ ಸದ್ದಿಲ್ಲ.
ಆಮೇಲೆ ನಗು, ಕೆಮ್ಮು ಬರುವಷ್ಟು ನಗು:
"ಇಲ್ಲ ಅನ್ನುವವಳು
ಬಾಗಿಲು ಯಾಕೆ ಬಡಿಯುವುದು ಮಾರಾಯ್ತಿ?"

ಅವಳ ಕೊಂಕಣಿಯಲ್ಲಿ ನಾ ಅಂದರೆ ಇಲ್ಲ.
ಮೀನು ನಾ. ಕರೆಂಟು ನಾ.
ಸಕ್ಕರೆ ಡಬ್ಬಿಯ ತಳ ಚಮಚದಲ್ಲಿ ಕೆರೆದು
ನಾ, ಅನ್ನುತ್ತಾಳೆ.
ನನಗೋ, ಖಾಲಿ ಡಬ್ಬಿಯೊಳಗಿಂದ
ಯಾರೋ ಓಗೊಟ್ಟ ಹಾಗೆ.

ಆಚೆಮನೆಯ ಕುಡ್ವ ಮಾಸ್ತರಿಗೆ ಪೆನ್ಶನ್ ಬರುತ್ತದೆ,
ಸಂಸ್ಕೃತ ಬರುತ್ತದೆ.
"ಅವಳದು 'ನಾಸ್ತಿ' ಸವೆದು ಉಳಿದದ್ದು,
ನಿನ್ನದು 'ನಾನ್' ಬಾಲ ಕತ್ತರಿಸಿಕೊಂಡದ್ದು.
ರಕ್ತಸಂಬಂಧ ಇಲ್ಲ.
ಸೇತುವೆ ಮೇಲೆ ಒಂದೇ ಬಣ್ಣದ ಎರಡು ಬಸ್ಸು, ಅಷ್ಟೇ.
ಹತ್ತುವ ಮೊದಲು ಬೋರ್ಡು ನೋಡಬೇಕು."

ಬಂಗೇರರಿಗೆ ಈ ತಕರಾರೇ ಇಲ್ಲ.
"ತುಳುವಿನಲ್ಲಿ ನಾನು ಅಂದರೆ ಯಾನ್, ಇಲ್ಲ ಅಂದರೆ ಇಜ್ಜಿ.
ನೀವಿಬ್ಬರೇ ಜಗಳ ಮಾಡಿಕೊಳ್ಳಿ."

ಮನಿಲಾದ ಅಡುಗೆ ಹುಡುಗ
ಪ್ಯಾಂಟಿನ ಅಂಚು ಮಡಚಿಕೊಟ್ಟರೆ "ಓಕೆ ನಾ" ಅನ್ನುತ್ತಾನೆ.
ಯಾಕೆ ನಾ, ಎಲ್ಲಿಯ ನಾ, ಕೇಳಿದೆ.
ಗಡಿಯಾರ ತೋರಿಸಿದ, ಕೈ ಕೊಡವಿದ.
ಆಯಿತು ಅಂತಲೋ, ಇನ್ನು ಮೊದಲಿನಂತಲ್ಲ ಅಂತಲೋ.
ಒಂದು ಮುಗಿದು ಇನ್ನೊಂದು ಶುರುವಾಗುವಲ್ಲಿ
ಅವರು ನಾ ಇಡುತ್ತಾರೆ,
ನಾವು ದಾರ ಕಡಿದು ಗಂಟು ಹಾಕುವ ಹಾಗೆ.

ಆಮೇಲೆ ಆ ಕೊರಿಯಾದ ಎಂಜಿನಿಯರು.
ವಯಸ್ಸು ಅರವತ್ತರ ಹತ್ತಿರ, ತೋರುಬೆರಳು ಅರ್ಧ.
ಮೂರು ಬಾಯ್ಲರ್ ಸೂಟು ಮೇಜಿನ ಮೇಲೆ ಹರಡಿದ.
ಇದರಲ್ಲಿ ನಿನ್ನದು ಯಾವುದು? ಕೈಸನ್ನೆಯಲ್ಲಿ ಕೇಳಿದೆ.
ನೀಲಿಯದನ್ನು ಎತ್ತಿ
ಇನ್ನೊಂದು ಅಂಗೈ ಎದೆಗಿಟ್ಟು ಅಂದ:
"ನಾ."

ನನ್ನ ಕಾಲು ಪೆಡಲಿನ ಮೇಲೇ ನಿಂತಿತು.
ಸೂಜಿ ಬಟ್ಟೆಯೊಳಗೇ ಉಳಿಯಿತು.
ಎರೆಹೊಲದ ಆಚೆ ಬದುವಿನಿಂದ
ಅಪ್ಪ ಅಂದ ಹಾಗೆ, ಅದೇ ಉದ್ದ, ಅದೇ ತೂಕ.
ಎದೆ ಮುಟ್ಟಿಕೊಂಡು ನನ್ನ ಬಾಯಲ್ಲೂ ಬಂತು: ನಾ.
ಅವನು ಹುಬ್ಬು ಗಂಟಿಕ್ಕಿದ.
ನನ್ನನ್ನು ತೋರಿಸಿ ಕೇಳಿದ, ನಾ?
ನಾ. ನಾ!
ಚಹಾ ಲೋಟ ಹಿಡಿದ ಬಂಗೇರರು
ಇಜ್ಜಿ ಇಜ್ಜಿ ಅಂತ ತಲೆ ಕೊಡವಿದರು.

"ಅದೂ ಆಕಸ್ಮಿಕ" ಅಂದರು ಕುಡ್ವ ಮಾಸ್ತರು ಸಂಜೆ.
"ಬಾಯಿ ಸಣ್ಣದು, ಹೇಳಬೇಕಾದ್ದು ಬಹಳ.
ಒಂದೇ ಸದ್ದು ನಾಲ್ಕು ಮನೆಗೆ ಬಾಡಿಗೆ ಹೋಗುತ್ತದೆ."
ಇರಬಹುದು.
ಆದರೆ ಆ ಆಕಸ್ಮಿಕಕ್ಕೆ ಒಂದು ಅಂಗೈ ಇತ್ತು,
ಉಗುರಿನಲ್ಲಿ ಎಂಜಿನ್ನಿನ ಮಸಿ ಇತ್ತು.
ಅವನ ಹೆಸರಿನ ಲಿಪಿ ಓದಲು ಬಾರದೆ
ಚಿತ್ರ ಬಿಡಿಸಿದ ಹಾಗೆ ಹೊಲಿದೆ.

ತಂಗಿಯ ಹೆರಿಗೆಗೆ ಊರಿಗೆ ಹೋಗಿ
ಹನ್ನೊಂದು ದಿನ ಬಿಟ್ಟು ಬಂದೆ.
ಕೂಳೂರಿಗೆ ಕರೆಂಟಿರಲಿಲ್ಲ.
ನನ್ನ ಕೀಲಿ ಸೆವ್ರಿನ್ ಬಾಯಿಯ ಹತ್ತಿರ.
ಬಾಗಿಲು ಬಡಿದೆ.
"ಕೋಣ್?"
"ನಾ."
ಚಪ್ಪಲಿ ಎಳೆಯುವ ಸದ್ದು ಹತ್ತಿರ ಬಂತು, ನಿಂತಿತು.
ಉಪ್ಪು ನೋಡುವ ಹಾಗೆ ಒಮ್ಮೆ ಅಂದು ನೋಡಿದಳು:
"ನಾ... ಆಸಾ."
ಪೂರಾ ಅವಳ ಮಾತಾದರೆ, ಇಲ್ಲ ಇದೆ.
ಅರ್ಧ ನನ್ನದಾದರೆ, ನಾ ಇದ್ದೇನೆ.
ಯಾವ ಬಸ್ಸು ಹತ್ತಿದಳೋ,
ಕತ್ತಲಲ್ಲಿ ಬೋರ್ಡು ಕಾಣಲಿಲ್ಲ.
ಅಗಳಿ ತೆಗೆದದ್ದು ಕೇಳಿತು.