ಮಾಸ್ಟರ್ ಕಾಪಿ

ಮದುವೆ ಹಿಡಿಯುವವನು ನಾನು, ಪೂಂಗೊಡಿ.
ಧಾರೆ, ಸಪ್ತಪದಿ, ಊಟದ ಪಂಕ್ತಿ,
ಹೆಣ್ಣೊಪ್ಪಿಸುವಾಗ ಅಳುವವರ ಸಾಲು,
ಇಷ್ಟೇ ನನ್ನ ವಿದ್ಯೆ.
ತೊಂಬತ್ಮೂರರ ಫೆಬ್ರವರಿ, ಭದ್ರಾವತಿ,
ಕಾರ್ಖಾನೆ ಕಾಲೊನಿಯ ಬಯಲು ರಂಗಮಂದಿರಕ್ಕೆ
ನಿಮ್ಮಪ್ಪ ಕರೆದಾಗ
'ಏನು ಶುಭಕಾರ್ಯ?' ಅಂತಲೇ ಕೇಳಿದ್ದೆ.

'ವಿದಾಯ' ಅಂದ ಸೆಲ್ವರಾಜ.
'ಹದಿನಾರು ವರ್ಷ ಆಯ್ತು. ಸಾಕು.'

ಬ್ಯಾನರಿನ ಮೇಲೆ 'ಬ್ಲಾಸ್ಟ್ ಫರ್ನೇಸ್'.
ಊರ ಬಾಯಲ್ಲಿ ಪರ್ನೀಸು ಹುಡುಗರು.
ಹುಡುಗರಿಗೆ ಆಗಲೇ ನಲವತ್ತರ ಹತ್ತಿರ,
ಮೊದಲ ಪಾಳಿ ಮುಗಿಸಿ, ಮಿಂದು ಬಂದರೂ
ಕಿವಿಯ ಹಿಂದೆ ಇನ್ನೂ ಮಸಿ.
ಡ್ರಮ್ಮಿಗೆ ಫೌಂಡ್ರಿಯ ಗೌಸ್ ಪೀರ್.
ಬೇಸ್ ಗಿಟಾರಿಗೆ ಟೈಂ ಆಫೀಸಿನ ವಿನ್ಸೆಂಟ್ ಲೋಬೊ,
ನುಡಿಸುವಾಗಲೂ ಗಡಿಯಾರ ನೋಡುವವನು.
ಹಾಡೆಲ್ಲ ಇಂಗ್ಲಿಷು. ಒಂದಕ್ಷರ ತಿಳಿಯದ ಜನ
ಕಡಲೆಕಾಯಿ ಪೊಟ್ಟಣ ಹಿಡಿದು ನೆಲದಲ್ಲಿ ಕೂತು ತಲೆದೂಗಿದರು.
ಮಂತ್ರಕ್ಕೂ ಹಾಗೇ ಅಲ್ಲವೇ ನಾವು?

ಗೊತ್ತಿದ್ದ ಹಾಗೆ ಹಿಡಿದೆ.
'ಮುಖ ಎಲ್ಲಿಗೂ ಹೋಗಲ್ಲ, ಕೈ ಹಿಡಿಯೋ' ಅಂತ
ಧಾರೆಯ ಹೊತ್ತಲ್ಲಿ ನನ್ನ ಗುರು ಗದರುತ್ತಿದ್ದ.
ಅದಕ್ಕೇ ಈ ಕ್ಯಾಸೆಟ್ಟಿನಲ್ಲಿ ಲೋಬೊಗೆ ತಲೆಯೇ ಇಲ್ಲ.
ಗೌಸನ ಮಣಿಕಟ್ಟಿದೆ, ಸುಟ್ಟ ಕಲೆ, ಕಪ್ಪು ತಾಯಿತ.
ನಿಮ್ಮಪ್ಪನ ಎಡಗೈಯ ನಾಲ್ಕು ಬೆರಳು
ತಂತಿಯ ಮೇಲೆ ಅಕ್ಕಿ ಆರಿಸುತ್ತಿವೆ.
ನಡುನಡುವೆ ಮುಂದಿನ ಸಾಲಿನ ಹೆಂಗಸರು
(ಬಂಧುಬಳಗ ಬಿಟ್ಟರೆ ಬಾಕಿ ವಸೂಲಾಗದು).
ಹೃದಯದಾಕಾರದ ಚೌಕಟ್ಟೂ ಹಾಕಿದ್ದೇನೆ. ನಗಬೇಡ,
ಮಿಕ್ಸರಿನಲ್ಲಿ ಆಗ ಇದ್ದದ್ದು ಅದೊಂದೇ.

ಅರವತ್ತು ಕಾಪಿ, ಒಂದಕ್ಕೆ ತೊಂಬತ್ತು ರೂಪಾಯಿ,
ಹೊದಿಕೆಯ ಮೇಲೆ ಕೆಂಪಕ್ಷರದಲ್ಲಿ 'ಸಂಪೂರ್ಣ'.
ಹನ್ನೊಂದು ಹೋದವು.
ಉಳಿದವುಗಳ ಮೇಲೆ, ಮತ್ತೇನು ಮಾಡಲಿ, ನಾಮಕರಣ ಹಿಡಿದೆ.
ತೊಟ್ಟಿಲ ಹಾಡು ಮುಗಿದ ಮೇಲೂ ಟೇಪು ಓಡಲು ಬಿಟ್ಟರೆ
ಹೊಸಮನೆಯಲ್ಲೋ ತರೀಕೆರೆಯಲ್ಲೋ ಯಾರದೋ ಟೀವಿಯೊಳಗೆ
ಗೌಸ್ ಪೀರ್ ಧಡಕ್ಕನೆ ಎದ್ದು ಬರುತ್ತಾನೆ.

ಆದರೆ ಕೊನೆಯ ಹಾಡು?
ಕೊಂಡ ಹನ್ನೊಂದೂ ಮನೆಯವರು ಕೇಳಿದರು.
'ಟೇಪು ಮುಗಿಯಿತು' ಅಂದೆ.
ನಿಮ್ಮಪ್ಪನಿಗೂ ಅದನ್ನೇ ಅಂದೆ.
'ಹೋಗ್ಲಿ ಬಿಡು' ಅಂದವನು
ಅರ್ಧ ಚಹಾ ಲೋಟದಲ್ಲೇ ಬಿಟ್ಟು ಇಳಿದು ಹೋದ.

ಟೇಪು ಮುಗಿದಿರಲಿಲ್ಲ, ಪೂಂಗೊಡಿ.
ಪೆನ್‌ಡ್ರೈವಿಗೆ ಹಾಕಿಕೊಡಿ ಅಂತ ನೀನು ಬಂದೆಯಲ್ಲ,
ಬೀರುವಿನ ತಳದಿಂದ ಮಾಸ್ಟರ್ ತೆಗೆದೆ.
ಬೂಷ್ಟು ಹಿಡಿದಿತ್ತು. ಎರಡು ರಾತ್ರಿ
ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದೆ.
ನೋಡು ಈಗ.

ನೆಲ. ಕಡಲೆಕಾಯಿ ಸಿಪ್ಪೆ.
ಓರೆಯಾಗಿ ಕಬ್ಬಿಣದ ಕುರ್ಚಿಯ ಕಾಲು.
ಪಕ್ಕದಲ್ಲಿ ಪಿನ್ನು ಚುಚ್ಚಿದ ಹವಾಯಿ ಚಪ್ಪಲಿ,
ಚಪ್ಪಲಿಯೊಳಗೆ ಒಂದು ಪಾದ.
ಏಳು ನಿಮಿಷ ಅದೇ.

ಮದುವೆ ಹಿಡಿಯುವವನು ಅಕ್ಷತೆ ಹಾಕುವಂತಿಲ್ಲ,
ಎರಡೂ ಕೈ ಕ್ಯಾಮೆರಾದ್ದು.
ಸಾವಿರಾರು ಜೋಡಿ ನೋಡಿದೆ, ಒಂದು ಕಾಳೂ ಎಸೆದವನಲ್ಲ.
ಅವತ್ತು ಏನಾಯಿತೋ,
ಕ್ಯಾಮೆರಾ ಕುರ್ಚಿಯ ಮೇಲಿಟ್ಟು ಎದ್ದು ನಿಂತೆ.
ಆ ಪಾದ ನನ್ನದು.
ಹೆಬ್ಬೆರಳು ಮೊದಲು, ಆಮೇಲೆ ಹಿಮ್ಮಡಿ,
ಆಮೇಲೆ ನೋಡು, ಚಪ್ಪಲಿ ಮಾತ್ರ ಉಳಿದಿದೆ.

ಮುಖ ಕಾಣಲ್ಲ ಅಂತ ಬೇಜಾರು ಮಾಡ್ಕೋಬೇಡ.
ಸೌಂಡು ಪೂರ್ತಿ ಇದೆ.
ಹಾಡು ನಿಂತ ಮೇಲೆ ಸಿಳ್ಳೆ, ಆಮೇಲೆ ನಿಮ್ಮಪ್ಪ ಮೈಕಿನಲ್ಲಿ,
ಏದುಸಿರು ಬಿಡುತ್ತಾ:
'ಮೂರನೇ ಪಾಳಿಯವರು ಹೊರಡ್ರಪ್ಪ, ಸೈರನ್ ಆಯ್ತು.'

ತಡಿ, ಇನ್ನೊಂದು ಸಲ ಹಾಕ್ತೀನಿ.
ಈ ಏಳು ನಿಮಿಷಕ್ಕೆ ಬಿಲ್ಲಿಲ್ಲ.